ಮಾಮಾನ ನಾಲ್ಕು ಕಾಲಿನ ಗಿರಾಕಿಗಳು

ನಮ್ಮ ಮಾಮಾ ಮರ್ಯಾದೆ ಕೊಡುವುದು ನಾಲ್ಕು ಕಾಲಿದ್ದವರಿಗೆ ಮಾತ್ರ. ಎರಡೇ ಕಾಲಿನವರು, ಅಂದರೆ ನಾನು ಮತ್ತು ನಮ್ಮವ್ವ, ಅವನ ಲೆಕ್ಕದಲ್ಲಿ ಹುಟ್ಟಿರುವುದೇ ಗಜ್ಜರಿ ತುರಿಯಲಿಕ್ಕೆ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿದ್ದೇನೆ ಅನ್ನಿಸಿತೆ? ಸರಿಯಾಗಿಯೇ ಅನ್ನಿಸಿದೆ!

ಮಾಮಾ ಅಂದರೆ ನಮ್ಮವ್ವನ ತಮ್ಮ. ದಾಂಡೇಲಿಯ ಗಿರಣಿಯೊಂದರಲ್ಲಿ ಆಯುಷ್ಯವಿಡೀ ಫಿಟ್ಟರ್ ಆಗಿದ್ದವನು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದರೆ "ಶಿಫ್ಟ್ ಹೊಂದಲಿಲ್ಲ" ಅನ್ನುತ್ತಾನೆ. ನಿವೃತ್ತನಾದ ಮೇಲೆ ಒಂದು ಟ್ರಂಕು ಮತ್ತು ಒಂದು ವರ್ನಿಯರ್ ಕ್ಯಾಲಿಪರ್ ಹಿಡಿದುಕೊಂಡು ಹಳಿಯಾಳದ ನಮ್ಮ ಮನೆಗೆ ಬಂದ. ಬರಲಿ, ಪಾಪ, ಸಂತೋಷ. ನಾನು ಮನೆಯಲ್ಲಿಯೇ ಕೇಕ್ ಮಾಡಿ ಮಾರುವವಳು. ನನ್ನ ಓವನ್ನು, ನನ್ನ ಸಾಮಾನು, ನನ್ನ ಪಾಡು. ಮಾಮಾ ಕಟ್ಟೆಯ ಮೇಲೆ ಕೂತು ಪೇಪರ್ ಓದಿಕೊಂಡಿರುತ್ತಾನೆಂದು ಭಾವಿಸಿದ್ದೆ. ಎಂಥ ಮುಗ್ಧೆ ನಾನು!

ಶುರುವಾದದ್ದು ಒಂದು ಮದುವೆಯ ಮೆರವಣಿಗೆಯಲ್ಲಿ. ಮದುಮಗನನ್ನು ಹೊತ್ತ ಬಿಳಿ ಕುದುರೆ ಪೇಟೆಯ ನಡುವೆ ಗಕ್ಕನೆ ನಿಂತುಬಿಟ್ಟಿತು. ಬ್ಯಾಂಡಿನವರು ಬಾರಿಸಿದ ಹಾಡನ್ನೇ ಮೂರು ಸಲ ಬಾರಿಸಿದರು. ಮದುಮಗನ ಬಾಸಿಂಗ ಬೆವರಿಗೆ ಜಾರಿ ಮೂಗಿನ ಮೇಲೆ ಬಂತು. ಕುದುರೆಯ ಮಾಲೀಕರು, ದಾಂಡೇಲಿಯ ವಯಸ್ಸಾದ ಸಾಬರೊಬ್ಬರು, "ಚಲ್ ನೂರಿ, ಚಲ್ ಬೇಟಿ" ಎಂದು ಅಂಗಲಾಚುತ್ತಿದ್ದರು. ಆಗ ನಮ್ಮ ಮಾಮಾ ಜನರನ್ನು ಸರಿಸಿ ಮುಂದೆ ಹೋಗಿ, ಛತ್ರದ ಅಡಿಗೆಮನೆಯಿಂದ ಜೇಬಿಗಿಳಿಸಿದ್ದ ಬೇಸನ್ ಉಂಡಿಯೊಂದನ್ನು ಅಂಗೈಯಲ್ಲಿ ಹಿಡಿದ. ನೂರಿ ಅದನ್ನು ತುಟಿಯಿಂದ ಎತ್ತಿಕೊಂಡಳು, ಮಾಮಾನ ಮುಖವನ್ನೊಮ್ಮೆ ನೋಡಿದಳು, ನಡೆಯತೊಡಗಿದಳು. ಅಷ್ಟೇ. ಮರುದಿನ ಚಹಾ ಕುಡಿಯುವಾಗ ಘೋಷಣೆಯಾಯಿತು.

"ನಾ ಧಂಧೆ ಸುರು ಮಾಡ್ತೇನಿ. ಕುದರಿಗೋಳಿಗೆ ಉಂಡಿ. ಮ್ಯಾಲೆ ಹೂವಾ, ಎಲಿ, ಎಲ್ಲಾ ನಕ್ಷಿ."

"ಕುದರಿಗೆ ನಕ್ಷಿ ಯಾಕ ಮಾಮಾ? ಅದಕ್ಕ ಹೂವಿನ ಚಂದ ತಿಳೀತೈತೇನು?" ಎಂದೆ.

"ನಿನ್ನ ಕೇಕ್ ತಗೊಳ್ಳಾವ್ರಿಗೆ ತಿಳೀತೈತೇನು? ಒಬ್ಬರ ಮಾರಿಗೆ ಒಬ್ಬರು ಬಡಕೊಂತಾರ! ನನ್ನ ಗಿರಾಕಿ ಹಂಗ ಮಾಡೂದಿಲ್ಲ."

ನಾನು ನಕ್ಕು ಓವನ್ನಿನ ಕಡೆ ತಿರುಗಿದೆ. ಅದೇ ತಪ್ಪಾಯಿತು.

ಮಾಮಾ ಸಾಬರ ಬಳಿ ಎಂಟು ದಿನ ಹೋಗಿ ಕೂತು, ಕುದುರೆಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಬರೆದುಕೊಂಡು ಬಂದ. ಬೇಸನ್ ಉಂಡಿ ಮೊದಲ ದಿನವೇ ರದ್ದಾಯಿತು. ಹುರಳಿ ನುಚ್ಚು, ಗೋದಿಯ ಭೂಸಾ, ಅಗಸಿ, ಗಜ್ಜರಿ ತುರಿ, ಉಂಡೆ ಕಟ್ಟಲಿಕ್ಕೆ ಎಷ್ಟು ಬೇಕೋ ಅಷ್ಟೇ ಬೆಲ್ಲ. ಮೇಲೆ ಬೀಟ್‌ರೂಟ್ ಬಣ್ಣದ ಗುಲಾಬಿ, ಅದಕ್ಕೊಂದು ಪುದೀನಾ ಎಲೆ. ಗುಲಾಬಿ ಬಿಡಿಸಲು ಕೇಕಿಗೆ ಕ್ರೀಮ್ ಹಿಂಡುವ ನನ್ನ ಕೋನುಗಳು! ಬೇಯಿಸಲು ನನ್ನ ಓವನ್ನು! ಉಂಡೆಯ ದಪ್ಪ ಎಲ್ಲ ಕಡೆ ಒಂದೇ ಇರಬೇಕೆಂದು ಒಂದೊಂದನ್ನೂ ಕ್ಯಾಲಿಪರಿನಲ್ಲಿ ಹಿಡಿದು ಅಳೆಯುತ್ತಿದ್ದ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸ್. ನಮ್ಮವ್ವ ಕಟ್ಟಿದ ಒಂದಿಡೀ ತಟ್ಟೆ ಉಂಡೆಯನ್ನು "ರಿಜೆಕ್ಟ್" ಎಂದು ಪಕ್ಕಕ್ಕಿಟ್ಟ ದಿನ ಅವಳು ಲಟ್ಟಣಿಗೆ ಕೈಗೆತ್ತಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಪ್ರತಿ ಸಲದ ಉಂಡೆಯನ್ನೂ ಮೊದಲು ನಾವು ತಿಂದು ನೋಡಬೇಕು!

"ಗಿರಾಕಿಗೆ ಮಾತ ಬರೂದಿಲ್ಲ. ಕಹಿ ಆಗೇತಿ ಅಂತ ಅದು ಯಾರಿಗೆ ಹೇಳಬೇಕು? ನೀವ ಹೇಳಬೇಕು."

ನನ್ನ ಓದು ಬಿ.ಕಾಂ. ನನ್ನ ಕೇಕಿಗಾಗಿ ತೇರಗಾಂವದಿಂದ ಜನ ಬರುತ್ತಾರೆ. ಅಂಥ ನಾನು ಬೆಳಿಗ್ಗೆ ಎದ್ದು ಭೂಸಾ ಅಗಿಯುತ್ತ "ಅಗಸಿ ಸ್ವಲ್ಪ ಮುಂದಾಗೇತಿ ಮಾಮಾ" ಎಂದು ವರದಿ ಕೊಡುತ್ತಿದ್ದೆ. ಮನುಷ್ಯಳ ಬಾಳೇ ಇದು?

ಮುಂದಿನದನ್ನು ಹೇಳಲು ನನಗೆ ಈಗಲೂ ಮೈ ಉರಿಯುತ್ತದೆ. ಮುಂಡಗೋಡದ ಕಡೆಯ ಮಳಗಿಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ನಾನು ಸೀರೆ ಉಟ್ಟು ಚಹಾ ತರುವುದರೊಳಗೆ ಗಂಡಿನ ಅಪ್ಪ ಮೇಜಿನ ಮೇಲಿದ್ದ ತಟ್ಟೆಗೆ ಕೈ ಹಾಕಿ ಮೂರನೆಯ ಉಂಡೆಯಲ್ಲಿದ್ದರು.

"ಭಾಳ ಚಲೋ ಆಗೇತಿ. ಹುಡುಗಿನ ಮಾಡ್ಯಾಳೇನ್ರಿ?"

ನಾನು ಮಾಮಾನಿಗೆ ಕಣ್ಣು ಹೊಡೆದೆ, ಹುಬ್ಬು ಕುಣಿಸಿದೆ, ಕೆಮ್ಮಿದೆ. ಹೌದು ಎಂದು ಒಂದು ಮಾತು ಹೇಳಿದರೆ ಇವನ ಗಂಟೇನು ಹೋಗುತ್ತಿತ್ತು?

"ಇಲ್ರಿ, ನಾ ಮಾಡೇನಿ. ಕುದರಿ ಸಲುವಾಗಿ. ನೀವು ಇನ್ನ ತಿನ್ನಬ್ಯಾಡ್ರಿ, ಒಂದ ದಿನಕ್ಕ ಒಂದ ಕುದರಿಗೆ ಒಂದ."

ಅವರ ದವಡೆ ಅಲ್ಲಿಗೇ ನಿಂತಿತು. ನುಂಗಬೇಕೋ ಉಗುಳಬೇಕೋ ಗೊತ್ತಾಗದೆ ಕೊನೆಗೆ ನುಂಗಿದರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ಹುಡುಗ ನನಗೂ ಹಿಡಿಸಿರಲಿಲ್ಲ, ಬಂದಾಗಿನಿಂದ ಮೊಬೈಲಿನಿಂದ ತಲೆ ಎತ್ತಿರಲಿಲ್ಲ. ಆದರೆ ಬೇಡವೆನ್ನುವ ಹಕ್ಕು ನನ್ನದಾಗಿತ್ತಲ್ಲ! ಅದನ್ನೂ ಈ ಮಾಮಾ ಕಸಿದುಕೊಂಡ.

ಆಮೇಲೆ ಬಂತು ದೊಡ್ಡ ಆರ್ಡರು. ದಾಂಡೇಲಿಯಿಂದ ಜೋಯಿಡಾ ಕಡೆ ಹೋಗುವ ದಾರಿಯಲ್ಲಿ, ಕಾಳಿ ನದಿಯ ದಂಡೆಗೆ ಒಂದು ರೆಸಾರ್ಟು. ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತು ಹಾಕಲು ಅಲ್ಲಿ ಮೂರು ಕುದುರೆಗಳಿದ್ದವು. ಅಲ್ಲಿಯ ಮ್ಯಾನೇಜರ್ ಸಾಬರಿಂದ ಸುದ್ದಿ ಕೇಳಿ ಫೋನ್ ಮಾಡಿ ಐವತ್ತು ಉಂಡೆ ಬೇಕೆಂದ, ಚಲೋ ನಡೆದರೆ ಪ್ರತಿ ವಾರವೂ ಬೇಕೆಂದ. ನಾನೂ ಕರಗಿದೆ, ಸುಳ್ಳೇಕೆ ಹೇಳಲಿ? ನನ್ನ ಎರಡು ಕೇಕಿನ ಆರ್ಡರುಗಳನ್ನು ಮುಂದೂಡಿ ಐವತ್ತು ಗುಲಾಬಿ ಬಿಡಿಸಿದೆ. ಶನಿವಾರ ಬೆಳಿಗ್ಗೆ ಪೆಟ್ಟಿಗೆ ಹೊತ್ತು ಇಬ್ಬರೂ ಬಸ್ ಹತ್ತಿದೆವು.

ಅಲ್ಲಿ ಹೋಗಿ ನೋಡಿದರೆ ಒಂದು ಬೋರ್ಡು: "ಕುದುರೆಗೆ ತಿನ್ನಿಸಿ, ಫೋಟೊ ತೆಗೆಸಿಕೊಳ್ಳಿ." ಅದರ ಮುಂದೆ ಪ್ರವಾಸಿಗರ ಸಾಲು. ಮಾಮಾ ಮುಖ ತೊಳೆದುಕೊಂಡು ಬರುವಷ್ಟರಲ್ಲಿ ರಾಜಾ ಎಂಬ ಕೆಂಪು ಕುದುರೆಯೊಂದೇ ಎಂಟು ಉಂಡೆ ತಿಂದಿತ್ತು. ಮಾಮಾ ಬಂದವನೇ ಪೆಟ್ಟಿಗೆಯ ಮುಚ್ಚಳ ಹಾಕಿದ, ಅದರ ಮೇಲೆ ಕೂತುಬಿಟ್ಟ!

"ಅಂಕಲ್, ಏನ್ ಮಾಡಾಕತ್ತೀರಿ? ಜನಾ ಕಾಯಾಕತ್ತಾರ. ಕುದರಿ ತಾನ ಬಾಯಿ ತೆರೀತೈತಿ, ನಾವೇನ್ ತುರಕಾಕತ್ತೇವೇನ್ರಿ?" ಎಂದ ಮ್ಯಾನೇಜರ್.

"ನಿಮ್ಮ ಮುಂದ ಐವತ್ತ ಹೋಳಿಗಿ ಇಟ್ರ ನೀವೂ ಬಾಯಿ ತೆರೀತೀರಿ. ಹೆಚ್ಚಾದ್ರ ನೀವು ವಾಂತಿ ಮಾಡ್ಕೊಂಡು ಹಗರ ಆಗ್ತೀರಿ. ಕುದರಿಗೆ ವಾಂತಿ ಸೈತ ಆಗೂದಿಲ್ರಿ. ತಿಂದದ್ದು ಒಳಗ ಕುಂತು ಅದನ್ನ ಕೊಲ್ತೈತಿ."

"ನೀವು ಉಂಡಿ ಮಾರಾಕ ಬಂದೀರೋ, ಭಾಷಣ ಮಾಡಾಕ ಬಂದೀರೋ?"

ಮಕ್ಕಳು ಅಳುತ್ತಿದ್ದರು. ಮೊಬೈಲುಗಳೆಲ್ಲ ಕುದುರೆಯನ್ನು ಬಿಟ್ಟು ನಮ್ಮ ಕಡೆ ತಿರುಗಿದವು. ಪೆಟ್ಟಿಗೆಯ ಮೇಲೆ ಕೂತ ಮಾಮಾ, ಪಕ್ಕದಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡ ನಾನು: ಆ ಫೋಟೊ ಇವತ್ತು ಯಾವ ಯಾವ ಊರಿನಲ್ಲಿದೆಯೋ ದೇವರೇ ಬಲ್ಲ. "ಇನ್ನೊಮ್ಮೆ ಈ ಕಡೆ ಬರಬ್ಯಾಡ್ರಿ" ಎಂದು ಕೇಳಿಸಿಕೊಂಡು, ಪೆಟ್ಟಿಗೆಯನ್ನೂ ಹೊತ್ತು ಹೊರಟೆವು.

ಬಸ್ಸಿನಲ್ಲಿ ನಾನು ಹಳಿಯಾಳದವರೆಗೂ ಬೈದೆ.

"ಎರಡು ದಿನ ಬೆನ್ನ ಬಗ್ಗಿಸಿ ಹೂವಾ ಮಾಡೇನಿ. ನಿನಗ ಧಂಧೆ ಮಾಡಾಕ ಬರೂದಿಲ್ಲ ಮಾಮಾ!"

"ಬರೂದಿಲ್ಲವ್ವಾ," ಎಂದ.

ಹೀಗೆ ಒಪ್ಪಿಕೊಂಡುಬಿಟ್ಟರೆ ಮನುಷ್ಯರು ಜಗಳ ಮುಂದುವರಿಸುವುದು ಹೇಗೆ ಹೇಳಿ?

ಸುಮಾರು ಮೂರು ವಾರಗಳ ಮೇಲೆ, ಒಂದು ಬೆಳಿಗ್ಗೆ ಅದೇ ಮ್ಯಾನೇಜರನ ಫೋನು. ಈ ಸಲ ದನಿ ಬೇರೆ ಇತ್ತು. ನಮ್ಮ ಉಂಡೆ ಹೋದ ಮೇಲೆ ಪ್ರವಾಸಿಗರು ಬ್ರೆಡ್ಡು, ಬಿಸ್ಕತ್ತು ಏನು ಸಿಕ್ಕರೆ ಅದನ್ನು ತಿನ್ನಿಸುತ್ತಿದ್ದರಂತೆ. ರಾಜಾ ನಿನ್ನೆಯಿಂದ ಮೇವು ಮುಟ್ಟಿಲ್ಲ, ಲದ್ದಿ ಹಾಕಿಲ್ಲ, ನೆಲಕ್ಕೆ ಬಿದ್ದು ಹೊರಳಾಡುತ್ತಿದೆ. ದನದ ಡಾಕ್ಟರು ಬಂದು ಸೂಜಿ ಮಾಡಿ, ಮಲಗಲು ಬಿಡದೆ ಮೆಲ್ಲಗೆ ನಡೆಸಿರಿ ಎಂದಿದ್ದಾರೆ. ಆದರೆ ರಾಜಾ ಯಾರ ಕೈಗೂ ಏಳುತ್ತಿಲ್ಲ, ಅಂಕಲ್ ಒಮ್ಮೆ ಬರಲಿ ಎಂದು ಗೋಗರೆದ.

"ಹೋಗಬ್ಯಾಡ," ಎಂದೆ ನಾನು. "ಅಷ್ಟು ಮಂದಿ ಮುಂದ ಮಾನ ಕಳದಾನ ಅವ."

"ಹೊಟ್ಟಿ ನೋವು ಅವಗಲ್ಲ, ರಾಜಾಗ," ಎಂದು ಮಾಮಾ ಚಪ್ಪಲಿ ಮೆಟ್ಟಿದ. ನಾನೂ ಹೊರಟೆ, ಇನ್ನಷ್ಟು ಬೈಯುವುದಿತ್ತಲ್ಲ.

ರಾಜಾ ಬೆವರಿನಲ್ಲಿ ತೊಯ್ದು ಬಿದ್ದಿದ್ದ. ಮಾಮಾ ಅವನ ಕಿವಿಯ ಹತ್ತಿರ ಕೂತು ಏನೋ ಗೊಣಗಿದ, ಹಗ್ಗ ಹಿಡಿದ, ಎಬ್ಬಿಸಿದ. ಆಮೇಲೆ ಶುರುವಾಯಿತು ನಡಿಗೆ. ಮಾವಿನ ಮರದಿಂದ ಗೇಟಿನವರೆಗೆ, ಗೇಟಿನಿಂದ ಮಾವಿನ ಮರದವರೆಗೆ. ಹತ್ತು ಹೆಜ್ಜೆಗೊಮ್ಮೆ ರಾಜಾ ಮೊಣಕಾಲು ಮಡಚುತ್ತಿದ್ದ. "ಮಲಗಬ್ಯಾಡೋ ನನ್ನಪ್ಪ, ಇನ್ನ ಒಂದ ಸುತ್ತ" ಎಂದು ಮಾಮಾ ಎಬ್ಬಿಸುತ್ತಿದ್ದ. ಮಧ್ಯಾಹ್ನ ಊಟಕ್ಕೆ ಕರೆದರು, ಬರಲಿಲ್ಲ. ಮಾಮಾನ ಕಾಲು ಎಳೆಯತೊಡಗಿದ್ದನ್ನು ನೋಡಿ ಹಗ್ಗದ ಇನ್ನೊಂದು ಕಡೆ ನಾನು ಹಿಡಿದೆ. ಬೈಯಲು ತಂದಿದ್ದ ಮಾತುಗಳು ಎಲ್ಲಿ ಹೋದವೋ.

ಹೊತ್ತು ಮುಳುಗುವ ಮುಂಚೆ, ಗೇಟಿನ ಹತ್ತಿರ, ರಾಜಾ ನಿಂತ. ಬಾಲ ಎತ್ತಿದ. ಧಪಧಪನೆ ಲದ್ದಿ ಬಿತ್ತು.

"ಹಾಕಿದಾ! ಹಾಕಿದಾ ನೋಡವ್ವಾ!" ಮಾಮಾ ಕೂಗಿದ. ಅಡಿಗೆಮನೆಯವರು ಓಡಿಬಂದರು. ಆ ಮ್ಯಾನೇಜರ್ ಲದ್ದಿಯ ಮುಂದೆ ನಿಂತು ಕೈ ಮುಗಿದ. ಕಣ್ಣು ಒರೆಸಿಕೊಂಡು, ಯಾರೂ ಹೇಳದೆಯೇ ಹೋಗಿ ಆ ಬೋರ್ಡು ಕಿತ್ತು ಹಾಕಿದ.

ರಾಜಾ ಮೆಲ್ಲಗೆ ತಲೆ ತಗ್ಗಿಸಿ ಮಾಮಾನ ಅಂಗಿಯ ಜೇಬಿಗೆ ಮೂಗು ತುರುಕಿದ. "ಇವತ್ತ ಏನೂ ಇಲ್ಲೋ, ಡಾಕ್ಟ್ರು ಬ್ಯಾಡ ಅಂದಾರ" ಎಂದು ಮಾಮಾ ಜೇಬುಗಳನ್ನು ಒಂದೊಂದಾಗಿ ಹೊರಗೆಳೆದು ತೋರಿಸಿದ. ರಾಜಾ ನಂಬಲಿಲ್ಲ. ಖಾಲಿ ಅಂಗೈಯನ್ನೇ ನೆಕ್ಕತೊಡಗಿದ. ಮಾಮಾ ಕೈ ಹಿಂದೆಗೆಯದೆ, ಇನ್ನೊಂದು ಕೈಯನ್ನು ಅವನ ಕೊರಳ ಮೇಲಿಟ್ಟು, ಕಣ್ಣು ಮುಚ್ಚಿ ನಿಂತುಬಿಟ್ಟ.

ಹಳಿಯಾಳದ ಕಡೆಯ ಬಸ್ಸಿಗೆ ಹೊತ್ತಾಗಿತ್ತು. ಹೋದರೆ ಹೋಗಲಿ ಎಂದು ನಾನು ಗೇಟಿನ ಪಕ್ಕದಲ್ಲಿಯೇ ಕೂತೆ.