ನಾನು ನೋಡಿದ ಸಿನಿಮಾ, ಅವಳು ಹೇಳಿದ ಕಥೆ

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇದೆ ಎಂದು ನಂಬಿದವನು ನಾನು. ಪಕ್ಕದ ಮನೆಯವನು ಸೋಗೆ ತೆಗೆಸಿ ಹೆಂಚು ಹೊದಿಸಿದರೆ ಕರುಬಬಹುದು. ಜೊತೆಯಲ್ಲಿ ಓದಿದವನು ಅಮಲ್ದಾರನಾಗಿ ಕುದುರೆ ಗಾಡಿಯಲ್ಲಿ ಬಂದರೆ ಕರುಬಬಹುದು. ಹೇಳಿಕೊಂಡರೆ ಕೇಳಿದವರು ‘ಪಾಪ’ ಎಂದಾದರೂ ಅನ್ನುತ್ತಾರೆ. ಆದರೆ ಕಟ್ಟಿಕೊಂಡ ಹೆಂಡತಿಯ ಮೇಲೇ, ಅದೂ ಅವಳು ಸಿನಿಮಾದ ಕಥೆ ಚೆನ್ನಾಗಿ ಹೇಳುತ್ತಾಳೆ ಎಂಬ ಕಾರಣಕ್ಕೆ, ಹೊಟ್ಟೆಯಲ್ಲಿ ಬೆಂಕಿ ಬಿದ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿಕೊಂಡರೆ ನಗುತ್ತಾರೆ. ನೀವೂ ನಗುತ್ತೀರಿ, ಗೊತ್ತು. ಆದರೂ ಹೇಳಿಬಿಡುತ್ತೇನೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಕೊಪ್ಪದ ಪೇಟೆಯಲ್ಲಿ ಒಬ್ಬ ಸಾಹುಕಾರರ ಜವಳಿ ಅಂಗಡಿಯಲ್ಲಿ ನಾನು ಗುಮಾಸ್ತ. ಕೊಪ್ಪದಲ್ಲಾಗಲಿ ಶೃಂಗೇರಿಯಲ್ಲಾಗಲಿ ಸಿನಿಮಾ ಎಂಬುದು ಇರಲಿಲ್ಲ. ಒಂದು ಸಲ ಟೆಂಟಿನವರು ನರಸಿಂಹರಾಜಪುರದ ತನಕ ಬಂದಿದ್ದರಂತೆ, ಮಳೆ ಹಿಡಿದುಕೊಂಡದ್ದು ನೋಡಿ ಗುಡಾರ ಮಡಚಿಕೊಂಡು ಹೊರಟೇಹೋದರಂತೆ. ಹೀಗಾಗಿ ನಮ್ಮ ಸೀಮೆಯವರಿಗೆ ಸಿನಿಮಾ ಅಂದರೆ ನೋಡುವ ವಸ್ತುವಲ್ಲ, ಕೇಳುವ ವಸ್ತು. ಶಿವಮೊಗ್ಗಕ್ಕೆ ಹೋಗಿ ಬಂದವನು ಹೇಳಬೇಕು, ಉಳಿದವರು ಕೇಳಬೇಕು. ಸಾಹುಕಾರರು ಸರಕು ತರಲು ನನ್ನನ್ನೇ ಶಿವಮೊಗ್ಗಕ್ಕೆ ಕಳಿಸುತ್ತಿದ್ದುದರಿಂದ ಆ ಹೇಳುವವನ ಪಟ್ಟ ತಾನಾಗಿ ನನ್ನ ತಲೆಯ ಮೇಲೆ ಬಂದು ಕೂತಿತ್ತು. ಬಂದ ಮರುದಿನ ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ ಜಗಲಿಯಲ್ಲಿ ಜನ ಸೇರುತ್ತಿದ್ದರು. ಅದೇ ಜಗಲಿಯ ಮೂಲೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದ ಟೈಲರ್ ರಾಮಣ್ಣ, ಮಿಡ್ಲ್‌ಸ್ಕೂಲಿನ ಮೇಷ್ಟ್ರು, ಇನ್ನು ದಾರಿಯಲ್ಲಿ ಹೋಗುವವರು ಬರುವವರು. ಎದುರಿನ ಹೋಟೆಲಿನಿಂದ ನನಗೊಂದು ಲೋಟ ಕಾಫಿ ಬರುತ್ತಿತ್ತು. ಕೇಳಿ ತರಿಸಿದ್ದಲ್ಲ, ಅವರಾಗಿಯೇ ಕಳಿಸುತ್ತಿದ್ದದ್ದು. ಸಾಹುಕಾರರ ಎದುರಿಗೆ ದಿನವಿಡೀ ಕೈಕಟ್ಟಿ ನಿಲ್ಲುವವನಿಗೆ ಆ ಒಂದು ಲೋಟ ಕಾಫಿ ಎಷ್ಟು ದೊಡ್ಡದು ಎಂಬುದು ಗುಮಾಸ್ತಿಕೆ ಮಾಡಿದವರಿಗೇ ಗೊತ್ತು.

ನಾನು ಸುಮ್ಮನೆ ಕಥೆ ಹೇಳುವವನಲ್ಲ, ಅಭಿಪ್ರಾಯವನ್ನೂ ಕೊಡುತ್ತಿದ್ದೆ. ಒಂದು ಪೌರಾಣಿಕದಲ್ಲಿ ರಾಕ್ಷಸ ಗಹಗಹಿಸಿ ನಕ್ಕ ರಭಸಕ್ಕೆ ಮೀಸೆಯ ಒಂದು ತುದಿ ಕಿತ್ತುಕೊಂಡಿತ್ತು, ಆಮೇಲೆ ಸಾಯುವ ತನಕ ಅವನು ತುಟಿ ಬಿಗಿಹಿಡಿದೇ ಯುದ್ಧ ಮಾಡಿದ. ಇದನ್ನು ಶಿವಮೊಗ್ಗದ ಅಷ್ಟು ಜನರ ನಡುವೆ ಕಂಡುಹಿಡಿದವನು ನಾನೊಬ್ಬನೇ. ಇನ್ನೊಂದು ಹಿಂದಿ ಚಿತ್ರ. ನನಗೆ ಹಿಂದಿ ಬಾರದು, ನಟರಿಗೂ ಅಷ್ಟಾಗಿ ಬರುತ್ತಿರಲಿಲ್ಲ ಎಂದು ನನ್ನ ಗುಮಾನಿ, ಯಾಕೆಂದರೆ ಮಾತು ಆಡಬೇಕಾದಲ್ಲೆಲ್ಲ ಹಾಡುತ್ತಿದ್ದರು. ಮತ್ತೊಂದರಲ್ಲಿ ನಾಯಕಿ ಹೊಳೆಗೆ ಹಾರುತ್ತಾಳೆ, ದಡಕ್ಕೆ ಬರುವಾಗ ತಲೆಯ ಹೂವು ಕೂಡ ನೆನೆದಿರಲಿಲ್ಲ. ‘ತುಂಗೆಗೆ ಹಾರಿ ನೋಡಲಿ, ಗೊತ್ತಾಗ್ತದೆ’ ಎಂದು ಕೊನೆಯಲ್ಲಿ ಸೇರಿಸಿದಾಗ ಜಗಲಿಯಲ್ಲಿ ನಗೆ ಎದ್ದಿತ್ತು. ನನ್ನಲ್ಲಿ ಒಂದು ಕ್ರಮವೂ ಇತ್ತು. ಬಸ್ಸು ಹೊರಟಲ್ಲಿಂದಲೇ ಶುರು ಮಾಡುತ್ತಿದ್ದೆ. ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಏರಿನಲ್ಲಿ ನಿಂತದ್ದು, ನಾವೆಲ್ಲ ಇಳಿದು ತಳ್ಳಿದ್ದು, ಶಿವಮೊಗ್ಗದ ಹೋಟೆಲಿನಲ್ಲಿ ಸಾಂಬಾರಿಗೆ ಉಪ್ಪು ಹೆಚ್ಚಾದದ್ದು, ಸಿನಿಮಾ ಮಂದಿರದ ಬೆಂಚಿನ ತಿಗಣೆ, ಇವೆಲ್ಲ ಆದಮೇಲೆ ಪರದೆಯ ಮೇಲೆ ಬೆಳಕು ಬೀಳುತ್ತಿತ್ತು. ಅಷ್ಟು ಹೊತ್ತಿಗೆ ಕೆಲವರು ಎದ್ದು ಹೋಗಿರುತ್ತಿದ್ದರು. ಅವರಿಗೆ ಮನೆಯಲ್ಲಿ ಕೆಲಸವಿತ್ತೆಂದೇ ನಾನು ತಿಳಿದಿದ್ದೆ.

ಹೀಗಿರುವಾಗ ನನ್ನ ಹೆಂಡತಿ ಗಿರಿಜೆ ಒಂದು ದಿನ, “ಊರಿಗೆಲ್ಲ ಕಥೆ ಹೇಳ್ತೀರಿ. ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗಿ ತೋರಿಸ್ಬಾರ್ದಾ?” ಎಂದಳು. ಕರೆದುಕೊಂಡು ಹೋದೆ. ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡದ್ದು ಅವತ್ತು. ಚಿತ್ರದಲ್ಲಿ ಒಬ್ಬ ರಾಜ, ಒಬ್ಬ ರಾಣಿ, ಕಾಡಿನಲ್ಲಿ ಹೆರಿಗೆ, ಕೊನೆಗೆ ಪಟ್ಟಾಭಿಷೇಕ. ಗಿರಿಜೆ ಹೆಂಗಸರ ಕಡೆ ಕಂಬದ ಹಿಂದೆ ಕೂತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಪಾಪ, ಅರ್ಥವಾಗಲಿಲ್ಲವೇನೋ ಎಂದುಕೊಂಡು ದಾರಿಯುದ್ದಕ್ಕೂ ನಾನೇ ವಿವರಿಸಿದೆ. ಅವಳು ‘ಹ್ಞೂಂ, ಹ್ಞೂಂ’ ಎನ್ನುತ್ತ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅದು ಹಲಸಿನಕಾಯಿ ಹಪ್ಪಳದ ಕಾಲ. ನಮ್ಮ ಕಡೆ ಹಪ್ಪಳ ಒಬ್ಬರಿಂದ ಆಗುವ ಕೆಲಸವಲ್ಲ. ಇವತ್ತು ಇವರ ಮನೆ, ನಾಳೆ ಅವರ ಮನೆ ಎಂದು ಕೇರಿಯ ಹೆಂಗಸರೆಲ್ಲ ಸೇರಿ ಒತ್ತುತ್ತಾರೆ. ನಮ್ಮ ಮನೆಯ ಸರದಿ ಬಂದಾಗ ಗಿರಿಜೆ ಹಿತ್ತಿಲ ಕಡೆಯ ಜಗಲಿಯಲ್ಲಿ ಉಂಡೆ ಕಟ್ಟುತ್ತ ಆ ಸಿನಿಮಾದ ಕಥೆ ಹೇಳಿದಳಂತೆ. ಮಾರನೆಯ ದಿನ ರಾಮಣ್ಣ ಮಿಷನ್ನು ತುಳಿಯುವುದನ್ನು ನಿಲ್ಲಿಸಿ, “ಅಲ್ಲ ಮಾರಾಯ್ರೆ, ರಾಣಿ ತನ್ನ ಕೈಬಳೆ ತೆಗೆದು ಸೂಲಗಿತ್ತಿಗೆ ಕೊಟ್ಟದ್ದು ನೀವು ನಮಗೆ ಹೇಳ್ಲೇ ಇಲ್ವಲ್ಲ?” ಎಂದ.

“ಯಾವ ಬಳೆ?” ಎಂದೆ.

“ಎಂತದು ಯಾವ ಬಳೆ? ಸೂಲಗಿತ್ತಿ ‘ಬೇಡ ತಾಯಿ, ನಿಮ್ಮ ಕೈ ಬೋಳಾಗ್ತದೆ’ ಅಂತ ವಾಪಸು ತೊಡಿಸಿದ್ಲಂತಲ್ಲ! ನಮ್ಮ ಮನೆಯವಳು ಹೇಳ್ತಾ ಹೇಳ್ತಾ ಅತ್ತೇಬಿಟ್ಟಳು.”

ನನಗೆ ಬಳೆಯೂ ನೆನಪಿಲ್ಲ, ಸೂಲಗಿತ್ತಿಯೂ ನೆನಪಿಲ್ಲ. ರೀಲು ಬದಲಾಯಿಸುವಾಗ ಬೀಡಿ ಸೇದಲು ಹೊರಗೆ ಹೋಗಿದ್ದೆನಲ್ಲ, ಆಗ ಬಂದುಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಅಲ್ಲಿಂದಾಚೆ ಕೇರಿಯ ಎಲ್ಲರ ಹಪ್ಪಳವೂ ನಮ್ಮ ಹಿತ್ತಿಲಿಗೇ ಬರತೊಡಗಿತು. “ನಿಮ್ಮಲ್ಲಿ ಬಿಸಿಲು ಚೆನ್ನಾಗಿ ಬೀಳ್ತದೆ” ಎನ್ನುತ್ತಿದ್ದರು. ಬಿಸಿಲು ಎಲ್ಲರ ಹಿತ್ತಿಲಿಗೂ ಬೀಳುತ್ತದೆ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ಬಂದವರು ಆ ರಾಣಿಯ ಕಥೆಯನ್ನೇ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದರು. ಇತ್ತ ನನ್ನ ಜಗಲಿಯಲ್ಲಿ ಜನ ತೆಳುವಾದರು. ಇದ್ದವರೂ ನಾನು ಬಸ್ಸು ಏರು ಹತ್ತಿಸುವಾಗಲೇ, “ಅದಿರಲಿ, ಮನೆಯವರು ಎಂತ ಹೇಳಿದ್ರು?” ಎಂದು ಕೇಳುತ್ತಿದ್ದರು. ಹೋಟೆಲಿನ ಕಾಫಿ ಒಂದು ದಿನ ಬಂತು, ಇನ್ನೊಂದು ದಿನ ಬರಲಿಲ್ಲ. ಆ ರಾತ್ರಿ ಗಿರಿಜೆ ಬಡಿಸಿದ ಅನ್ನ ನನಗೆ ರುಚಿಸಲಿಲ್ಲ. ಅವಳ ಮೇಲೆ ಸಿಟ್ಟು ಮಾಡಲು ಕಾರಣ ಹುಡುಕಿದೆ, ಒಂದೂ ಸಿಗಲಿಲ್ಲ. ಸಿಗದಿದ್ದುದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮುಂದಿನ ಸಲ ಶಿವಮೊಗ್ಗಕ್ಕೆ ಹೊರಟಾಗ, “ಬಸ್ಸಿನಲ್ಲಿ ಜಾಗ ಸಿಗೋದು ಕಷ್ಟವಂತೆ” ಎಂದು ನಾನೊಬ್ಬನೇ ಹೋದೆ. ಅವಳು ಮುಖ ತಿರುಗಿಸಿ ನಕ್ಕಂತೆ ಕಂಡಿತು. ಈ ಸಲ ಬೀಡಿಗೂ ಏಳದೆ, ಕಣ್ಣು ಮಿಟುಕಿಸದೆ ನೋಡಿದೆ. ಸಾಂಸಾರಿಕ ಚಿತ್ರ. ಅತ್ತೆ ಸೊಸೆಯ ಮೇಲೆ ಸರ ಕದ್ದ ಅಪವಾದ ಹೊರಿಸಿ ಮನೆಯಿಂದ ಅಟ್ಟುತ್ತಾಳೆ. ಸೊಸೆ ಪಟ್ಟಣದಲ್ಲಿ ಕಂಡವರ ಮನೆಯ ಮುಸುರೆ ತಿಕ್ಕಿ ಜೀವ ಹಿಡಿದಿರುತ್ತಾಳೆ. ಆಮೇಲೆ ಸರ ಇಲಿಯ ಬಿಲದಲ್ಲಿ ಸಿಗುತ್ತದೆ. ಕೊನೆಯಲ್ಲಿ ಸಿಡಿಲು ಬಡಿದು ಅತ್ತೆಯ ಕಣ್ಣು ಹೋಗುತ್ತದೆ, ಅವಳು ತಡಕಾಡುತ್ತ ಬಂದು ಸೊಸೆಯ ಕಾಲಿಗೆ ಬೀಳುತ್ತಾಳೆ, ದೇವರು ಪ್ರತ್ಯಕ್ಷನಾಗಿ ಕಣ್ಣು ವಾಪಸು ಕೊಡುತ್ತಾನೆ, ಎಲ್ಲರೂ ಸೇರಿ ಮಂಗಳ ಹಾಡುತ್ತಾರೆ. ಸಿಡಿಲಂತೂ ಭರ್ಜರಿಯಾಗಿತ್ತು. ಈ ಸಿಡಿಲು ಜಗಲಿಯ ಮೇಲೆ ನನ್ನ ಬಾಯಿಂದ ಬಿದ್ದರೆ ಕಾಫಿ ಬಂದೇ ಬರುತ್ತದೆ ಎಂದು ಅಲ್ಲಿಯೇ ಲೆಕ್ಕ ಹಾಕಿದೆ.

ಮನೆಗೆ ಬಂದು ಊಟಕ್ಕೆ ಕೂತಾಗ ಗಿರಿಜೆ, “ಎಂತ ಕಥೆ ಈ ಸಲದ್ದು?” ಎಂದಳು. ಹೇಳಬಾರದು ಎಂದೇ ಇದ್ದೆ. ಆದರೆ ಸಿನಿಮಾ ನೋಡಿ ಬಂದವನಿಗೆ ಹೇಳದೆ ಇರುವುದು ಎಷ್ಟು ಕಷ್ಟ! ಸೊಸೆ ಮುಸುರೆ ತಿಕ್ಕುವಲ್ಲಿಯ ತನಕ ಬಂದವನಿಗೆ ತಟ್ಟನೆ ಒಂದು ಉಪಾಯ ಹೊಳೆಯಿತು. ಅರ್ಧ ಕಥೆ ಅವಳ ಹತ್ತಿರ ಇರಲಿ. ನಾಳೆ ಹಪ್ಪಳದ ಸಭೆಯಲ್ಲಿ ಅಲ್ಲಿಯ ತನಕ ಹೇಳಿ ಬಾಯಿ ಕಟ್ಟಿ ನಿಲ್ಲಲಿ. ಆಗ ಒಳಗಿನಿಂದ ನಾನು ಬಂದು ಸಿಡಿಲು ಬಡಿಸುತ್ತೇನೆ. “ಉಳಿದದ್ದು ಆಮೇಲೆ ಹೇಳ್ತೇನೆ, ನಿದ್ದೆ ಬರ್ತಿದೆ” ಎಂದು ಕೈ ತೊಳೆದೆ. “ಆಯ್ತು” ಎಂದಳು. ಒತ್ತಾಯ ಮಾಡಬಹುದಿತ್ತು, ಮಾಡಲಿಲ್ಲ.

ಮರುದಿನ ಮಧ್ಯಾಹ್ನ ಸಾಹುಕಾರರಿಗೆ ಹೊಟ್ಟೆನೋವೆಂದು ಹೇಳಿ ಮನೆಗೆ ಬಂದೆ. ಪೂರ್ತಿ ಸುಳ್ಳೇನೂ ಅಲ್ಲ. ಹಿತ್ತಿಲ ಬಾಗಿಲ ಹಿಂದಿನ ಕತ್ತಲೆಕೋಣೆಯಲ್ಲಿ ಅಕ್ಕಿ ಮೂಟೆಯ ಮೇಲೆ ಕೂತೆ. ಹೊರಗೆ ಹಪ್ಪಳದ ಮಣೆಗಳ ಸದ್ದು ಕೇಳುತ್ತಿತ್ತು. ಗಿರಿಜೆ ಬಸ್ಸನ್ನೂ ಹತ್ತಲಿಲ್ಲ, ಹೋಟೆಲಿಗೂ ಹೋಗಲಿಲ್ಲ, ನೇರವಾಗಿ ಆ ಸೊಸೆಯ ಅಡುಗೆಮನೆಗೇ ನುಗ್ಗಿದಳು. “ಒಲೆಯಲ್ಲಿ ಹಸಿ ಸೌದೆ ಮಾರಾಯ್ತಿ, ಉರಿಯೋದೇ ಇಲ್ಲ. ಅವಳು ಅಳ್ತಾ ಇದ್ದಾಳೆ, ಹೊಗೆಗೆ ಅಂತ ಎಲ್ರೂ ತಿಳ್ಕೊಂಡಿದ್ದಾರೆ.” ನಾನು ಒಲೆ ಎಂದೂ ಹೇಳಿರಲಿಲ್ಲ, ಹೊಗೆ ಎಂದೂ ಹೇಳಿರಲಿಲ್ಲ. ಸರ ಕಳೆಯಿತು, ಸೊಸೆ ಹೊರಟಳು, ಮುಸುರೆ ತಿಕ್ಕಿದಳು. ಹೊರಗೆ ಮಣೆಗಳ ಸದ್ದು ನಿಂತುಹೋಗಿತ್ತು. ನಾನು ಶಲ್ಯ ಸರಿಮಾಡಿಕೊಂಡು ಎದ್ದೆ.

ಅವಳು ನಿಲ್ಲಲೇ ಇಲ್ಲ! “ಸರ ಸಿಕ್ಕಿತು. ಆದ್ರೆ ಅತ್ತೆ ಬಾಯಿ ಬಿಡ್ಲಿಲ್ಲ. ಹೇಗೆ ಬಿಡ್ತಾಳೆ? ಅಷ್ಟು ಮಾತು ಆಡಿದ ಬಾಯಿ. ಒಂದಿನ ಸಂಜೆ ಮಗ ಹೆಂಡ್ತಿನ ಕರ್ಕೊಂಡು ಬಂದ. ಮುಂದಿನ ಬಾಗಿಲಲ್ಲಿ ಬರ್ಲಿಕ್ಕೆ ಧೈರ್ಯ ಇಲ್ಲ, ಹಿಂದಿನ ಬಾಗಿಲಲ್ಲಿ ನಿಂತಿದ್ದಾಳೆ. ಒಳಗೆ ಅತ್ತೆ ಬಡಿಸ್ತಾ ಇದ್ದಾಳೆ. ತಲೆ ಎತ್ತಲಿಲ್ಲ. ಇನ್ನೊಂದು ಎಲೆ ತಂದು ಹಾಕಿದ್ಲು. ಅನ್ನ ಬಡಿಸಿದ್ಲು. ಸಾರು ಬಿಟ್ಲು. ಆಮೇಲೆ ಗೋಡೆ ಕಡೆ ನೋಡ್ಕೊಂಡು, ‘ಸಾರು ತಣ್ಣಗಾಗ್ತದೆ’ ಅಂದ್ಲು. ಅಷ್ಟೇ.”

ಹೊರಗೆ ರಾಮಣ್ಣನ ಹೆಂಡತಿ ಮೂಗು ಸೀಟಿದ್ದು ಕೇಳಿಸಿತು. ನಾನು ಅಕ್ಕಿ ಮೂಟೆಯ ಪಕ್ಕ ನಿಂತು ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಎಂಥ ಅನ್ಯಾಯ ನೋಡಿ! ಶಿವಮೊಗ್ಗದಲ್ಲಿ ಅಷ್ಟು ದೊಡ್ಡ ಸಿಡಿಲು ಬಿದ್ದಾಗ ನನಗೆ ಒಂದು ಹನಿ ಬಂದಿರಲಿಲ್ಲ. ಬಂದ ಕೋಪಕ್ಕೆ ಬಾಗಿಲು ತಳ್ಳಿಕೊಂಡು ಹೊರಗೆ ಬಂದೇಬಿಟ್ಟೆ. ಗಿರಿಜೆ ನನ್ನನ್ನು ನೋಡಿದ್ದೇ, ಅವಳ ಮುಖದ ಬಣ್ಣ ಇಳಿಯಿತು. ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೈಯಲ್ಲೇ ಉಳಿಯಿತು. ನನ್ನ ಒಂದು ಮಾತು ಸಾಕಿತ್ತು. ‘ಇವಳು ನೋಡೂ ಇಲ್ಲ, ನಾನು ಹೇಳೂ ಇಲ್ಲ, ಇದೆಲ್ಲ ಕಟ್ಟಿದ್ದು’ ಎಂದಿದ್ದರೆ ಅವಳ ಸಭೆ ಅವತ್ತಿಗೇ ಮುಗಿಯುತ್ತಿತ್ತು.

ಗುಂಪಿನಲ್ಲಿ ಗೌರಮ್ಮ ಎಂಬ ಮುದುಕಿ ಇದ್ದಳು, ನಮ್ಮ ಎದುರು ಮನೆಯವಳು. ಅವಳ ಬಾಯಿಗೆ ಹೆದರಿ ಸೊಸೆ ಶೆಟ್ಟಿಕೊಪ್ಪದ ತೌರಿಗೆ ಹೋಗಿ ಕೂತಿದ್ದು ಕೇರಿಗೆಲ್ಲ ಗೊತ್ತಿತ್ತು. ಗೌರಮ್ಮ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, “ನೀನು ಕಣ್ಣಾರೆ ಕಂಡವನಲ್ವೇನಪ್ಪಾ? ಹೀಗೇ ಆಯ್ತಾ? ಅತ್ತೆ ಕಾಲಿಗೆ ಬೀಳ್ಲಿಲ್ವಾ?” ಎಂದು ಕೇಳಿದಳು.

ಸಿಡಿಲು ನನ್ನ ನಾಲಿಗೆಯ ತುದಿಯಲ್ಲಿತ್ತು. ಗಿರಿಜೆ ತಲೆ ತಗ್ಗಿಸಿಬಿಟ್ಟಳು.

“ಇಲ್ಲ ಗೌರಮ್ಮ, ಬೀಳ್ಲಿಲ್ಲ,” ಎಂದೆ. “ಎಲೆ ಹಾಕಿದ್ಲು, ಅಷ್ಟೇ.”

“ಸದ್ಯ!” ಎಂದಳು ಮುದುಕಿ. ದೊಡ್ಡ ನಿಟ್ಟುಸಿರು ಬಿಟ್ಟು, “ಅಷ್ಟಾದ್ರೆ ಮಾಡ್ಬಹುದು” ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮತ್ತೆ ಹಪ್ಪಳ ಒತ್ತತೊಡಗಿದಳು. ಗಿರಿಜೆ ತಲೆ ಎತ್ತಿ ನನ್ನನ್ನು ನೋಡಿದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಇಂಥ ನೋಟ ಸಿಗುವುದಾದರೆ ಒಂದು ಸಿಡಿಲು ನುಂಗಿದರೂ ನಷ್ಟವಿಲ್ಲ ಎನ್ನಿಸಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ದೊಡ್ಡ ಮನುಷ್ಯ ಎನ್ನಿಸಿಕೊಳ್ಳುತ್ತಿದ್ದೆ. ಆದರೆ ಹೊಟ್ಟೆಕಿಚ್ಚು ಒಂದು ನೋಟಕ್ಕೆಲ್ಲ ಆರುವ ಜಾತಿಯದಲ್ಲ. ಸಂಜೆ ಅಂಗಡಿಯ ಜಗಲಿಯಲ್ಲಿ ರಾಮಣ್ಣ, ಮೇಷ್ಟ್ರು ಎಲ್ಲರೂ ಸೇರಿದಾಗ ಬಸ್ಸು, ಸಾಂಬಾರು, ತಿಗಣೆ ಎಲ್ಲವನ್ನೂ ಬಿಟ್ಟು ನಾನೂ ನೇರವಾಗಿ ಅಡುಗೆಮನೆಗೇ ನುಗ್ಗಿದೆ. ಹಸಿ ಸೌದೆಯ ಒಲೆ ಊದಿದೆ, ಹೊಗೆ ಎಬ್ಬಿಸಿದೆ, ಕೊನೆಯಲ್ಲಿ ಸಿಡಿಲನ್ನು ಬಿಟ್ಟು ಎಲೆಯನ್ನೇ ಹಾಕಿದೆ. ಸಾರು ತಣ್ಣಗಾಗುವ ಮಾತನ್ನು ಗೋಡೆಯ ಕಡೆ ಮುಖ ಮಾಡಿಯೇ ಹೇಳಿದೆ. ಯಾರೂ ಎದ್ದು ಹೋಗಿರಲಿಲ್ಲ. ಗೆದ್ದೆ ಎಂದುಕೊಂಡು ತಿರುಗಿ ನೋಡಿದೆ.

ಮೇಷ್ಟ್ರು ನಶ್ಯ ಏರಿಸಿ, “ಪರವಾಗಿಲ್ಲ. ಆದ್ರೆ ಮಧ್ಯಾಹ್ನ ನಿಮ್ಮ ಮನೆಯವರು ಹೇಳಿದ್ದನ್ನ ನಮ್ಮ ಮನೆಯವಳು ಬಂದು ಹೇಳಿದ್ಲು. ಅದು ಇನ್ನೂ ಚಂದ ಇತ್ತು. ನೀವು ನಡುನಡುವೆ ಎಂತೆಂತದೋ ಬಿಟ್ಟಿದ್ದೀರಿ” ಎಂದರು.

ರಾಮಣ್ಣ ಸೂಜಿಗೆ ದಾರ ಪೋಣಿಸುತ್ತ, “ಅಲ್ಲ ಮಾರಾಯ್ರೆ, ನಿಜ ಹೇಳಿ. ಆ ಸಿನಿಮಾಕ್ಕೆ ಹೋದದ್ದು ನೀವಾ, ಅವರಾ?” ಎಂದು ಕೇಳಿದ.

ನಾನು ಎದುರಿನ ಹೋಟೆಲಿನ ಕಡೆ ನೋಡಿದೆ, ಕಾಫಿ ಬರುವ ಲಕ್ಷಣ ಇರಲಿಲ್ಲ. ಆಮೇಲೆ, “ಅವಳೇ” ಎಂದೆ.