ರೂಪಕ ಒಗ್ಗದ ಭಾವ

ನಮ್ಮ ಭಾವನವರ ಮುಂದೆ ಎಷ್ಟು ಬೇಕಾದರೂ ನಗಬಹುದು, ಆದರೆ ‘ನಕ್ಕು ನಕ್ಕು ಸತ್ತೆ’ ಎನ್ನುವ ಹಾಗಿಲ್ಲ. ಎಂದರೆ, “ಸತ್ತವರು ಮಾತಾಡುವುದು ಹೇಗೆ ಮಾರಾಯ?” ಎಂದು ಕೇಳುತ್ತಾರೆ. ತಮಾಷೆಗಲ್ಲ, ಅವರಿಗೆ ನಿಜವಾಗಿಯೂ ಉತ್ತರ ಬೇಕು.

ಸೌದಿಯ ಬುರೈದಾ ಎಂಬ ಊರಿನ ಖರ್ಜೂರ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಅವರು ಕ್ವಾಲಿಟಿ ಇನ್‌ಸ್ಪೆಕ್ಟರ್. ಹುಳುಕು ಹಣ್ಣನ್ನು ಆರಿಸಿ ತೆಗೆಸುವುದು ಕೆಲಸ. ಮನೆಗೆ ಬಂದ ಮೇಲೆ ನಮ್ಮ ಮಾತುಗಳನ್ನು ಆರಿಸುತ್ತಾರೆ! ಅದೇ ಊರಿನಲ್ಲಿರುವ ನಾನು ಶುಕ್ರವಾರಗಳಂದು ಅಕ್ಕನ ಮನೆಗೆ ಹೋಗಿ, ಅವಳ ಮಗಳಿಗೆ ಕನ್ನಡ ಮರೆಯದಿರಲೆಂದು ಕಥೆ ಓದುತ್ತೇನೆ. ಒಮ್ಮೆ ‘ಆ ಸುದ್ದಿ ಕೇಳಿ ಅವಳು ಕಲ್ಲಾದಳು’ ಎಂದು ಓದಿದೆ.

“ಆಮೇಲೆ?” ಎಂದರು ಭಾವ.

“ಆಮೇಲೆ ಎದ್ದು ಅಡುಗೆಮನೆಗೆ ಹೋದಳು.”

“ಕಲ್ಲು ಎದ್ದು ಹೋಯಿತಾ? ಎಂತ ಕಥೆ ಮಾರಾಯ ಇದು?”

ಇಂಥವರ ಹತ್ತಿರ ಮಗಳು ಅಲಂಕಾರದ ಪಾಠ ಹೇಳಿಸಿಕೊಳ್ಳಬೇಕೇ? ಪರೀಕ್ಷೆಯ ಹಿಂದಿನ ದಿನ, “ಪಪ್ಪಾ, ಉಪಮೆಗೂ ರೂಪಕಕ್ಕೂ ಎಂತ ಡಿಫರೆನ್ಸ್?” ಎಂದು ಕೇಳಿದಳು.

“ಎರಡೂ ಸುಳ್ಳೇ. ‘ಹಾಗೆ’ ಅಂತ ಸೇರಿಸಿ ಸುಳ್ಳು ಹೇಳಿದರೆ ಉಪಮೆ, ಸೇರಿಸದೆ ಹೇಳಿದರೆ ರೂಪಕ.”

ಹುಡುಗಿ ಅದನ್ನೇ ಬರೆದು ಬಂದಳು. ಟೀಚರ್ ಅಪ್ಪನನ್ನು ಕರೆಸಿದರು. ವಿಚಿತ್ರವೆಂದರೆ, ಆ ಪಾಠದಲ್ಲಿ ಅವಳಿಗೆ ಈಗಲೂ ನೆನಪಿರುವುದು ಅದೊಂದೇ.

ಇನ್ನೊಮ್ಮೆ ಭಾವ ರಜೆಯ ಅರ್ಜಿ ಕೊಟ್ಟಾಗ ಅವರ ಸೌದಿ ಮ್ಯಾನೇಜರ್ ಬೆರಳಿನಿಂದ ಕಣ್ಣು ಮುಟ್ಟಿಕೊಂಡು ‘ಅಲಾ ಐನಿ’ ಎಂದರಂತೆ. ನಿನ್ನ ಕೆಲಸ ನನ್ನ ಕಣ್ಣಿನ ಮೇಲೆ, ಖಂಡಿತ ಮಾಡಿಕೊಡುತ್ತೇನೆ ಎಂದರ್ಥ. ಭಾವ ಮಾತ್ರ ಸಪ್ಪೆ ಮುಖ ಹೊತ್ತು ಮನೆಗೆ ಬಂದರು. “ಕಣ್ಣಿನ ಮೇಲೆ ಇಟ್ಟುಕೊಂಡರೆ ಅರ್ಜಿ ಓದುವುದು ಹೇಗೆ?”

ಅಕ್ಕ ರೋಸಿಹೋಗಿ, “ನಿಮ್ಮ ಜೊತೆ ತಲೆ ಚಚ್ಚಿಕೊಂಡು ಸಾಕಾಯ್ತು” ಎಂದಳು. ಅವರು ಟಾರ್ಚ್ ತಂದು ಅವಳ ಹಣೆ ಪರೀಕ್ಷಿಸಿದರು.

ಹೋದ ವರ್ಷ ಒಂದು ಶುಕ್ರವಾರ ಉಡುಪಿಯಿಂದ ಅಮ್ಮನ ವಾಯ್ಸ್ ಮೆಸೇಜ್ ಬಂತು. ಅಮ್ಮ ಅಲ್ಲಿ ನನ್ನ ತಮ್ಮನ ಜೊತೆಗಿದ್ದಾಳೆ. “ಬೆಳಿಗ್ಗೆಯಿಂದ ನಿಮ್ಮದೇ ನೆನಪು ಮಕ್ಕಳೇ. ಎದೆ ಹಿಂಡಿದ ಹಾಗೆ ಆಗ್ತದೆ.”

ಅಕ್ಕ ಕಣ್ಣೊರೆಸಿಕೊಂಡಳು. ನಾನು “ಪಾಪ” ಎಂದೆ. ಭಾವ ಮೆಸೇಜನ್ನು ಇನ್ನೊಮ್ಮೆ ಹಾಕಿ ಕೇಳಿದರು.

“ಎಡಗಡೆಯಾ, ನಡುವೆಯಾ?”

“ಅದು ಬೇಜಾರಿಗೆ ಹೇಳಿದ್ದು ಭಾವ.”

“ಎದೆ ಅಂತ ಹೇಳಿದ್ದಾರಲ್ಲ.”

ತಮ್ಮನಿಗೆ ಫೋನ್ ಮಾಡಿದರು. ಭಾವನ ಸ್ವಭಾವ ಗೊತ್ತಿದ್ದ ಅವನು ನಕ್ಕ. “ನಗಬೇಡ. ಈಗಲೇ ಆಸ್ಪತ್ರೆಗೆ ಕರಕೊಂಡು ಹೋಗು. ನೀನು ಕಾರು ಸ್ಟಾರ್ಟ್ ಮಾಡುವವರೆಗೆ ನಾನು ಫೋನ್ ಇಡುವುದಿಲ್ಲ.”

ಅದು ಹೃದಯಾಘಾತವಾಗಿತ್ತು. ಸ್ವಲ್ಪ ತಡವಾಗಿದ್ದರೂ ಉಳಿಸುವುದು ಕಷ್ಟವಿತ್ತು ಎಂದರು ಡಾಕ್ಟರು. ಅಲಂಕಾರ ಬಲ್ಲ ನಾವು ಮೂವರು ಮಕ್ಕಳೂ ಅದನ್ನು ಬರೀ ಬೇಜಾರು ಎಂದುಕೊಂಡಿದ್ದೆವು.

ಅಮ್ಮ ಚೇತರಿಸಿಕೊಂಡು ಮನೆಗೆ ಬಂದ ಮೇಲೆ, ಅಳಿಯನ ಜೊತೆ ಮಾತಾಡಬೇಕೆಂದಳು. ಅಕ್ಕ ಸ್ಪೀಕರ್ ಹಾಕಿದಳು.

“ನಿಮ್ಮನ್ನು ನೆನೆದರೆ ಎದೆ ತುಂಬಿ ಬರ್ತದೆ.”

ಭಾವ ಕುರ್ಚಿಯಿಂದ ಎದ್ದರು. “ಎಂತ ತುಂಬಿದೆ ಅತ್ತೆ? ನೀರಾ?”

ಅಮ್ಮ ಸಣ್ಣಗೆ ನಕ್ಕಳು. “ಖುಷಿ ಮಾರಾಯ, ಖುಷಿ. ನೀನು ನನ್ನ ಮಗ.”

ಯಾವಾಗಲೂ ‘ನೀವು’ ಎನ್ನುತ್ತಿದ್ದ ಅಮ್ಮ ಹಾಗೆಂದಾಗ, ತಿದ್ದಲೆಂದು ಭಾವನ ಬಾಯಿ ತೆರೆದುಕೊಂಡದ್ದನ್ನು ನಾನೇ ನೋಡಿದೆ. ಅಳಿಯ ಮಗನಾಗುವುದು ಹೇಗೆ? ಅವರು ಫೋನಿನ ಹತ್ತಿರಕ್ಕೆ ಬಂದರು.

“ಹೌದು ಅಮ್ಮ” ಎಂದರು.