ಬರ ನೋಡಲು ಬಂದವರಿಗೆ ಶರಬತ್ತು

ನಮ್ಮೂರಿಗೆ ಹಸಿರು ನಿಧಿಯ ಹಣ ಬರುವುದು ಖಚಿತ ಎಂದು ಸೋಮವಾರದ ದಿನಚರಿಯಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಬರ ಬಿದ್ದ ಊರಿನಲ್ಲಿ ಸಸಿಗಳ ನರ್ಸರಿ ಮಾಡಿಸಿ, ಅಲ್ಲಿಯವರಿಗೇ ಕೆಲಸ ಕೊಡುವ ಯೋಜನೆ ಅದು. ಔರಾದ್ ಕಡೆಯ ನಮ್ಮೂರು, ಇಲ್ಲವೇ ಭಾಲ್ಕಿ ಕಡೆಯ ಇನ್ನೊಂದೂರು, ಎರಡರಲ್ಲಿ ಒಂದಕ್ಕೆ ಮಾತ್ರ. ನಮಗೆ ಸಿಕ್ಕರೆ ಅಣ್ಣ ಮತ್ತು ನಾನು ವೈನಿ ಎನ್ನುವ ಅತ್ತಿಗೆ ಹೈದರಾಬಾದಿಗೆ ಇಟ್ಟಿಗೆ ಹೊರಲು ಹೋಗುವುದು ತಪ್ಪುತ್ತಿತ್ತು.

"ಈ ಸಲ ಹೋಗೋದು ಬ್ಯಾಡ ವೈನಿ. ನಾ ಅದೀನಿ," ಎಂದೆ.

ಗುರುವಾರ ಬೀದರಿನಿಂದ ಸಾಹೇಬರು ಪರಿಶೀಲನೆಗೆ ಬರುವವರಿದ್ದರು. ಸ್ವಾಗತದ ಹೊಣೆ ನನ್ನದು. ಮನೆಗೆ ಬಂದವರಿಗೆ ನೀರಿಲ್ಲ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ವಾರಕ್ಕೊಮ್ಮೆ ಬರುವ ಟ್ಯಾಂಕರನ್ನು ಅಂದು ನಸುಕಿನಲ್ಲೇ ತರಿಸಿದೆ. ಅಂಗಳಗಳಿಗೆ ನೀರು ಚಿಮುಕಿಸಿ ರಂಗೋಲಿ ಹಾಕಿಸಿದೆ. ದಾರಿಯಲ್ಲಿ ನಿಲ್ಲುವ ಎಮ್ಮೆಗಳಿಗೂ ಸ್ನಾನವಾಯಿತು.

"ಲೇ, ಬರ ನೋಡ್ಲಾಕ ಬರೋರಿಗಿ ಇಷ್ಟ್ ನೀರ್ ಯಾಕೋ?" ಎಂದ ಅಣ್ಣ.

"ಬರ ಅಂದ್ರ ಗಲೀಜ್ ಇರಬೇಕಂತ ಎಲ್ಲಿ ಬರದದ?" ಎಂದೆ.

ಸಾಹೇಬರು ಬಂದರು. ಕೈಕಾಲು ತೊಳೆದರು. ಶರಬತ್ತು ಕುಡಿದರು, ಇನ್ನೊಂದು ಲೋಟ ಕೇಳಿ ಪಡೆದರು. ಒಣಗಿದ ಬಾವಿ ತೋರಿಸುತ್ತೇನೆಂದು ಕರೆದೆ.

"ಬಿಸಿಲ್ ಭಾಳ ಅದ. ಇಲ್ಲಿಂದೇ ಎಲ್ಲಾ ಕಾಣ್ತದಲ್ಲ," ಎಂದರು.

ಹಣ ಭಾಲ್ಕಿ ಕಡೆಯ ಊರಿಗೆ ಹೋಯಿತು. ಅಲ್ಲಿ ಸಾಹೇಬರು ನೀರು ಕೇಳಿದಾಗ ಊರವರು, "ತರ್ಲಾಕ ಹೋಗ್ಯಾರ್ರಿ, ಕುಂದರ್ರಿ," ಎಂದರಂತೆ. ಕೂತಷ್ಟು ಹೊತ್ತೂ ಯಾರೂ ತರಲಿಲ್ಲವಂತೆ. ಇದಕ್ಕಿಂತ ಒಳ್ಳೆಯ ಅರ್ಜಿಯನ್ನು ಯಾರು ಬರೆಯಬಲ್ಲರು!

ಸಿಟ್ಟು ನೆತ್ತಿಗೇರಿತು. ಮೊದಲ ಬಸ್ಸಿಗೇ ಬೀದರಿಗೆ ಹೋಗಿ ಸಾಹೇಬರ ಮೇಜಿನ ಮುಂದೆ ನಿಂತೆ.

"ಬರ ಅಳೆಯೋದು ಶರಬತ್ತಿನ ಲೋಟದಾಗೇನ್ರಿ? ನಮ್ಮ ಬಾವಿ ಬಗ್ಗಿ ನೋಡೀರೇನ್ರಿ? ಅದು ಟ್ಯಾಂಕರ್ ನೀರ್ರಿ, ಇಡೀ ವಾರದ್ದು. ಅವತ್ತಿಂದ ಊರಾಗ ಒಬ್ರೂ ಜಳಕ ಮಾಡಿಲ್ರಿ."

ಸಾಹೇಬರು ಶಾಂತವಾಗಿ ಫೈಲು ಮುಚ್ಚಿದರು. "ವಾರದ ನೀರು ಒಂದೇ ದಿನಕ್ಕ ಚೆಲ್ಲೋ ಊರಿಗಿ ನರ್ಸರಿ ಹ್ಯಾಂಗ ಕೊಡಬೇಕು, ತಮ್ಮಾ?"

ಬಿಸಿಲಿಗೆ ಹೆದರಿ ನೆರಳು ಬಿಟ್ಟು ಏಳದ ಮನುಷ್ಯ ನನಗೆ ನೀರಿನ ಪಾಠ ಹೇಳುತ್ತಿದ್ದ. ತಕ್ಕ ಉತ್ತರ ಹೊಳೆಯಿತು, ಆದರೆ ಆಗ ನನ್ನ ಬಸ್ಸು ಔರಾದ್ ತಲುಪಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ, ವೈನಿ ಹೈದರಾಬಾದಿನ ಬಸ್ಸಿಗೆ ಕಾಯುತ್ತಿದ್ದರು. ಅವರ ಹತ್ತಿರ ಹೋದೆ. ವೈನಿ ಸರಿದು ಜಾಗ ಮಾಡಿಕೊಟ್ಟರು.

"ನೀನೂ ನಡಿ," ಎಂದ ಅಣ್ಣ. "ಹೊಸಾ ಗೋಡಿಗಿ ದಿನಾ ನೀರ್ ಹೊಡಿಲಾಕ ಒಬ್ಬ ಬೇಕಂತ. ನನ್ ತಮ್ಮನಷ್ಟು ಚಂದ ಯಾರೂ ಹೊಡಿಯಂಗಿಲ್ಲ ಅಂತ ಗುತ್ತೇದಾರಗ ಹೇಳೀನಿ."

ಕೆಲಸ ಸಿಕ್ಕಿತು. ಅನುಭವ ಇದೆಯೇ ಎಂದು ಗುತ್ತೇದಾರ ಕೇಳಲೂ ಇಲ್ಲ.